ಇಂಗ್ಲಿಷರ ಪಂಚಾಂಗ

ಬಿ.ಎಡ್. ಮುಗಿಸಿ ಮಲ್ಲೇಶ್ವರದ ಒಂದು ಪ್ರೌಢಶಾಲೆಗೆ ನಾನು ಉಪಾಧ್ಯಾಯನಾಗಿ ಸೇರಿದ್ದು 1982ರಲ್ಲಿ. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ನನ್ನ ವಿಷಯಗಳು. ಶಾಲೆಯ ಪುಸ್ತಕ ಭಂಡಾರದಲ್ಲಿ ರಟ್ಟು ಕಿತ್ತುಹೋದ ಹಳೆಯ ಇಂಗ್ಲಿಷ್ ರೀಡರ್ ಒಂದಿತ್ತು. ಅದರಲ್ಲಿ ಇಂಗ್ಲೆಂಡಿನ ಹಬ್ಬಹರಿದಿನಗಳನ್ನು ಕುರಿತು ಒಂದು ಪಾಠ. ಕಂಬದ ಸುತ್ತ ಕುಣಿಯುವ ಮಕ್ಕಳು, ಹುಲ್ಲಿನ ಬೊಂಬೆಯನ್ನು ಸುಡುವ ಹುಡುಗರು, ಹಿಮ ಕವಿದ ಚರ್ಚು ಮುಂತಾದ ಚಿತ್ರಗಳೂ ಇದ್ದವು. ಮರುವರ್ಷದ ಒಂದು ಶನಿವಾರ ಒಂಬತ್ತನೆಯ ತರಗತಿಗೆ ಅದನ್ನು ಓದಿ ಹೇಳಿದೆ. ಮುಗಿಸುವಾಗ ಪ್ರಾಯದ ಉತ್ಸಾಹದಲ್ಲಿ, "ನಮ್ಮ ಹಬ್ಬಗಳನ್ನು ಮೂಢನಂಬಿಕೆಯೆಂದು ಹಳಿದವರ ಮನೆಯ ಹಬ್ಬಗಳು ಇವು. ಇವಕ್ಕೂ ನಮಗೂ ಯಾವ ಸಂಬಂಧವೂ ಇಲ್ಲ. ಬರೆದುಕೊಳ್ಳಿ" ಎಂದೆ. ಮಕ್ಕಳು ನಕ್ಕು, ಬರೆದುಕೊಂಡರು.

ನಮ್ಮ ಕೊಠಡಿಗೂ ಪಕ್ಕದ ಕೊಠಡಿಗೂ ನಡುವೆ ಇದ್ದದ್ದು ಮರದ ಹಲಗೆಯ ಅಡ್ಡಗೋಡೆ. ಆ ಕಡೆ ಪಾಠ ಮಾಡುತ್ತಿದ್ದವರು ಕಾಕ್ಸ್ ಟೌನಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆಂಗ್ಲೋ ಇಂಡಿಯನ್ ಅಧ್ಯಾಪಕಿ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮಕ್ಕಳೂ ನಾವೂ ಅವರನ್ನು 'ಮಿಸ್' ಎಂದೇ ಕರೆಯುತ್ತಿದ್ದೆವು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತ ಅವರು, "ನಿಮ್ಮ ಪಾಠ ಕೇಳಿಸಿತು, ಮೇಷ್ಟ್ರೇ" ಎಂದರು. ಅಷ್ಟೇ. ಮುಂದೆ ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಬರೆಸಿದ ಆ ವಾಕ್ಯ ತಪ್ಪೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವಾಗ ಆ ಪಾಠವನ್ನು ಮತ್ತೊಮ್ಮೆ ಸಾವಕಾಶವಾಗಿ ಹೇಳಬೇಕೆನಿಸಿದೆ. ಓದುಗ ಮಿತ್ರರು ತಾಳ್ಮೆಯಿಂದ ಕೇಳಬೇಕು.

ಪೇಟೆ ಮತ್ತು ದಂಡು

ಹಳೆಯ ಬೆಂಗಳೂರಿಗರಿಗೆ ಬೆಂಗಳೂರು ಒಂದಲ್ಲ, ಎರಡು. ಕೋಟೆಯನ್ನೂ ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳನ್ನೂ ಒಳಗೊಂಡದ್ದು ಪೇಟೆ. ಕಬ್ಬನ್ ಪಾರ್ಕಿನ ಆಚೆಗಿನದು ದಂಡು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಮೊದಲು ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿಯ ಜ್ವರದ ಕಾಟ ತಾಳಲಾರದೆ, ತಂಪು ಹವೆಯನ್ನು ಅರಸಿ, 1809ರಲ್ಲಿ ಅದು ಬೆಂಗಳೂರಿನ ಹಲಸೂರು ಕಡೆಗೆ ಬಂದು ನೆಲೆಸಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಇಂಗ್ಲಿಷರು ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ.

ಹೀಗೆ ಒಂದೇ ಊರಿನಲ್ಲಿ ಎರಡು ಪಂಚಾಂಗಗಳು ನಡೆಯುತ್ತಿದ್ದವು. ಪೇಟೆಯಲ್ಲಿ ಚೈತ್ರದ ಹುಣ್ಣಿಮೆಗೆ ಧರ್ಮರಾಯನ ಕರಗ. ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ. ದಂಡಿನಲ್ಲಿ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ ಮೊದಲಾದ ಚರ್ಚುಗಳ ಗಂಟೆಗೆ ತಕ್ಕಂತೆ ಬರುವ ಈಸ್ಟರ್, ಕ್ರಿಸ್‌ಮಸ್. ನಮ್ಮ ಮಲ್ಲೇಶ್ವರ ಎರಡಕ್ಕೂ ಸೇರಿದ್ದಲ್ಲ. ಶಿವಾಜಿಯ ಮಲಸಹೋದರ ಏಕೋಜಿ 1669ರಲ್ಲಿ ದತ್ತಿ ಬಿಟ್ಟ ಶಾಸನವಿರುವ ಕಾಡುಮಲ್ಲೇಶ್ವರನ ಗುಡಿ ಬಹು ಹಿಂದಿನಿಂದ ಇದ್ದರೂ, ಬಡಾವಣೆಯಾಗಿ ಇದು ತುಂಬಿಕೊಂಡದ್ದು 1898ರ ಪ್ಲೇಗು ಪೇಟೆಯನ್ನು ಹಿಂಡಿದ ಮೇಲೆ. ಇಕ್ಕಟ್ಟಾದ ಗಲ್ಲಿಗಳನ್ನು ಬಿಟ್ಟು ಗಾಳಿ ಬೆಳಕು ಇರುವ ಅಡ್ಡರಸ್ತೆಗಳಿಗೆ ಜನ ಬಂದರು. ಈ ಪ್ಲೇಗಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಷ್ಯದಿಂದ ಚೈತ್ರದವರೆಗೆ

ಇನ್ನು ಇಂಗ್ಲಿಷರ ವರ್ಷಕ್ಕೆ ಬರೋಣ. ಡಿಸೆಂಬರ್ 31ರ ನಡುರಾತ್ರಿ ಕಳೆದ ಮೇಲೆ ಸ್ಕಾಟ್ಲೆಂಡಿನಲ್ಲಿ ಮನೆಯ ಹೊಸ್ತಿಲನ್ನು ಮೊದಲು ತುಳಿಯುವವರು ಯಾರು ಎಂಬುದು ದೊಡ್ಡ ವಿಷಯ. ಕಪ್ಪು ಕೂದಲಿನ ಗಂಡಸು ಬಂದರೆ ಶುಭ. ಅವನ ಕೈಯಲ್ಲಿ ಒಂದು ತುಂಡು ಇದ್ದಿಲು, ತಿನ್ನಲು ಏನಾದರೂ ಸಿಹಿ, ಕುಡಿಯಲು ವಿಸ್ಕಿ ಇರಬೇಕು. ಮನೆಯಲ್ಲಿ ವರ್ಷವಿಡೀ ಬೆಂಕಿ ಆರದಿರಲಿ, ಅನ್ನಕ್ಕೆ ಕೊರತೆಯಾಗದಿರಲಿ ಎಂಬುದು ಅದರ ಭಾವ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು. ಕನ್ನಡದಲ್ಲಿ ಒಂದೇ ಪದ ಸಾಕು: ಕಾಲ್ಗುಣ. ಹೊಸ ಸೊಸೆಯ ಕಾಲ್ಗುಣದ ಮಾತನ್ನು ಕೇಳದ ಮನೆ ನಮ್ಮಲ್ಲಿ ಯಾವುದಿದೆ?

ಜನವರಿ 6ರ ನಂತರದ ಮೊದಲ ಸೋಮವಾರವನ್ನು ಪೂರ್ವ ಇಂಗ್ಲೆಂಡಿನಲ್ಲಿ ನೇಗಿಲ ಸೋಮವಾರ ಎನ್ನುತ್ತಿದ್ದರು. ಕ್ರಿಸ್‌ಮಸ್ ಬಿಡುವು ಮುಗಿಸಿದ ರೈತಾಳುಗಳು ಸಿಂಗರಿಸಿದ ನೇಗಿಲನ್ನು ಊರಿನಲ್ಲೆಲ್ಲ ಎಳೆದುಕೊಂಡು ಹೋಗಿ ಕಾಸು ಬೇಡುತ್ತಿದ್ದರು. ಕೊಡದ ಜಿಪುಣನ ಮನೆಯ ಮುಂದಿನ ಅಂಗಳವನ್ನು ಉತ್ತುಬಿಡುತ್ತಿದ್ದರಂತೆ! ಮಂಡ್ಯ, ಮೈಸೂರು ಕಡೆಯ ಓದುಗರಿಗೆ ಯುಗಾದಿಯ ಹೊನ್ನಾರು ನೆನಪಾಗಿರಬೇಕು. ಎತ್ತುಗಳನ್ನು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಗೆರೆ ಎಳೆಯುವುದು ಅಲ್ಲಿಯೂ ಇಲ್ಲಿಯೂ ಒಂದೇ ಆಸೆಯಿಂದ.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳು ಉಪವಾಸದ ಕಾಲ. ಅದು ಆರಂಭವಾಗುವ ಹಿಂದಿನ ದಿನ, ಮಂಗಳವಾರ, ಮನೆಯಲ್ಲಿ ಉಳಿದ ಮೊಟ್ಟೆ, ಹಾಲು, ಬೆಣ್ಣೆಗಳನ್ನೆಲ್ಲ ಸೇರಿಸಿ ದೋಸೆಯಂಥ ಪ್ಯಾನ್‌ಕೇಕ್ ಮಾಡಿ ತಿಂದು ಮುಗಿಸುತ್ತಾರೆ. ಆಲ್ನಿ ಎಂಬ ಊರಿನಲ್ಲಿ ಹೆಂಗಸರು ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದುಕೊಂಡು ಓಡುವ ಪಂದ್ಯವಿದೆ. ಅದು 1445ರಿಂದ ಬಂದದ್ದೆಂದು ಆ ಊರಿನವರು ಹೇಳಿಕೊಳ್ಳುತ್ತಾರೆ.

ಉಪವಾಸದ ನಾಲ್ಕನೆಯ ಭಾನುವಾರ ತಾಯಿಯ ಭಾನುವಾರ. ಹತ್ತು ಹನ್ನೆರಡು ವರ್ಷಕ್ಕೇ ಸಿರಿವಂತರ ಮನೆಗಳಿಗೆ ಕೆಲಸಕ್ಕೆ ಸೇರಿದ ಬಡಮಕ್ಕಳಿಗೆ ಅಂದು ತವರಿಗೆ ಹೋಗಿಬರಲು ರಜೆ. ದಾರಿಯ ಬದಿಯ ಹೂವುಗಳನ್ನು ಕಿತ್ತುಕೊಂಡು ತಾಯಿಗೆ ಒಯ್ಯುತ್ತಿದ್ದರು. ಗೌರಿಹಬ್ಬಕ್ಕೆ ತವರಿನ ದಾರಿ ಹಿಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾನು ಆ ಪಾಠದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ.

ಮಾರ್ಚ್ 25 ಮಾತೆ ಮರಿಯಳಿಗೆ ದೇವದೂತ ಶುಭವಾರ್ತೆ ತಂದ ದಿನ. ಗೇಣಿ, ಬಾಡಿಗೆಗಳ ಲೆಕ್ಕ ಚುಕ್ತಾ ಆಗುತ್ತಿದ್ದ ನಾಲ್ಕು ದಿನಗಳಲ್ಲಿ ಇದೊಂದು. ಅಷ್ಟೇ ಅಲ್ಲ, 1752ರವರೆಗೆ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಹುಟ್ಟುತ್ತಿದ್ದದ್ದೂ ಇದೇ ದಿನ. ಆ ವರ್ಷ ಅವರು ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟು ಗ್ರೆಗೋರಿಯನ್ ಪಂಚಾಂಗಕ್ಕೆ ಬಂದರು. ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಎಂದಾಯಿತು. ಹನ್ನೊಂದು ದಿನಗಳು ಕಾಣೆಯಾದವು! ತೆರಿಗೆಯ ಲೆಕ್ಕದಲ್ಲಿ ಮಾತ್ರ ಆ ದಿನಗಳನ್ನು ಬಿಡಲು ಖಜಾನೆ ಒಪ್ಪಲಿಲ್ಲ. ಹಾಗಾಗಿ ಲೆಕ್ಕದ ವರ್ಷ ಮುಂದೆ ಸರಿಯಿತು. ಬ್ರಿಟನ್ನಿನ ತೆರಿಗೆ ವರ್ಷ ಇಂದಿಗೂ ಏಪ್ರಿಲ್ 6ಕ್ಕೆ ಆರಂಭವಾಗುತ್ತದೆ. ಇಂಡಿಯಾ ಸರ್ಕಾರವು 1867ರಲ್ಲಿ ಬ್ರಿಟಿಷ್ ಸರ್ಕಾರದ ಲೆಕ್ಕಕ್ಕೆ ಹೊಂದಿಕೆಯಾಗಲೆಂದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷವನ್ನು ಗೊತ್ತುಮಾಡಿತು. ಪ್ರತಿ ಮಾರ್ಚ್ ತಿಂಗಳಲ್ಲೂ ತೆರಿಗೆ ಉಳಿಸಲು ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಿದ್ದ ನಾನು, ಮರಿಯಮ್ಮನವರ ಹಬ್ಬದ ದೂರದ ನೆಂಟನೆಂದು ಅರಿತಿರಲಿಲ್ಲ. "ಯಾವ ಸಂಬಂಧವೂ ಇಲ್ಲ" ಎಂದವನು ನಾನು!

ಶುಭ ಶುಕ್ರವಾರಕ್ಕೆ ಮೇಲೆ ಶಿಲುಬೆಯ ಗುರುತಿರುವ, ಒಣದ್ರಾಕ್ಷಿ ಹಾಕಿದ ಬನ್ನು ತಿನ್ನುವುದು ಇಂಗ್ಲಿಷರ ಪದ್ಧತಿ. ಬೆಂಗಳೂರಿನಲ್ಲಿ ಅದಕ್ಕೆ ಹೆಸರಾದ ಅಂಗಡಿಗಳಲ್ಲಿ ಒಂದು ಫ್ರೇಜರ್ ಟೌನಿನ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ. 1902ರಿಂದ ಅದನ್ನು ನಡೆಸಿಕೊಂಡು ಬಂದದ್ದು ಒಂದು ಮುಸ್ಲಿಂ ಮನೆತನ. ಕ್ರೈಸ್ತರ ಉಪವಾಸದ ಬನ್ನನ್ನು ಮಸೀದಿ ರಸ್ತೆಯಲ್ಲಿ ಮುಸಲ್ಮಾನರು ಸುಡುತ್ತಾರೆ, ಎಲ್ಲ ಮತದವರೂ ಸಾಲುನಿಂತು ಕೊಳ್ಳುತ್ತಾರೆ.

ಬಾವಿಗೆ ಹೂವು

ಮೇ 1ರಂದು ಊರ ಬಯಲಿನಲ್ಲಿ ಎತ್ತರದ ಕಂಬ ನೆಟ್ಟು ಅದರ ಸುತ್ತ ಕುಣಿಯುವುದು ಇಂಗ್ಲೆಂಡಿನ ವಸಂತೋತ್ಸವ. ಕಟ್ಟುನಿಟ್ಟಿನ ಪ್ಯೂರಿಟನ್ನರು ಅಧಿಕಾರದಲ್ಲಿದ್ದಾಗ, 1644ರಲ್ಲಿ, ಇದು ಅನ್ಯಮತದ ಅನಾಚಾರವೆಂದು ಪಾರ್ಲಿಮೆಂಟು ಕಂಬಗಳನ್ನೆಲ್ಲ ಕೀಳಿಸಿತು. 1660ರಲ್ಲಿ ರಾಜ ಎರಡನೆಯ ಚಾರ್ಲ್ಸ್ ಹಿಂದಿರುಗಿದೊಡನೆ ಕಂಬಗಳೂ ಹಿಂದಿರುಗಿದವು. ಕಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಹಿಡಿದು ಜಡೆಯಂತೆ ಹೆಣೆಯುತ್ತ ಕುಣಿಯುವ ಕ್ರಮ ಅಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. ನಮ್ಮ ಜಡೆ ಕೋಲಾಟವನ್ನು ನೋಡಿದವರು ಆ ಚಿತ್ರವನ್ನು ಕಂಡರೆ ಯಾವ ಊರಿನ ಮಕ್ಕಳು ಎಂದು ಕೇಳುತ್ತಾರೆಯೇ ಹೊರತು ಏನು ಆಟ ಎಂದು ಕೇಳುವುದಿಲ್ಲ.

ಇಂಗ್ಲೆಂಡಿನ ಹಬ್ಬಗಳಲ್ಲಿ ನಾನು ಕಣ್ಣಾರೆ ಕಂಡದ್ದು ಒಂದೇ. ನಿವೃತ್ತನಾದ ಮರುವರ್ಷ, 2019ರ ಮೇ ತಿಂಗಳಲ್ಲಿ, ಡರ್ಬಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹತ್ತಿರದ ಟಿಸ್ಸಿಂಗ್ಟನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ಕ್ರಿಸ್ತನು ಸ್ವರ್ಗಾರೋಹಣ ಮಾಡಿದ ಗುರುವಾರ ಅಲ್ಲಿ ಬಾವಿಗಳನ್ನು ಸಿಂಗರಿಸುತ್ತಾರೆ. ಆ ವರ್ಷ ಅದು ಮೇ 30ರಂದು ಬಿದ್ದಿತ್ತು. ದೊಡ್ಡ ಮರದ ಹಲಗೆಗಳನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಮೇಲೆ ಉಪ್ಪು ಬೆರೆಸಿದ ಜೇಡಿಮಣ್ಣನ್ನು ಮೆತ್ತಿ, ಅದರ ಮೇಲೆ ಗೆರೆ ಬರೆದು, ಹೂವಿನ ಎಸಳು, ಎಲೆ, ಬೀಜ, ತೊಗಟೆಗಳನ್ನು ಒಂದೊಂದಾಗಿ ಒತ್ತಿ ಬೈಬಲಿನ ದೃಶ್ಯಗಳನ್ನು ಮೂಡಿಸುತ್ತಾರೆ. ಪಾದ್ರಿಗಳು ಬಾವಿಯಿಂದ ಬಾವಿಗೆ ಮೆರವಣಿಗೆಯಲ್ಲಿ ಹೋಗಿ ನೀರನ್ನು ಹರಸುತ್ತಾರೆ. ಹಲಗೆ ಒಣಗಿ ಮಣ್ಣು ಬಿರಿಯುವವರೆಗೆ, ಸುಮಾರು ಒಂದು ವಾರ, ಆ ಸಿಂಗಾರ.

ಏಕೆ ಹೀಗೆ ಎಂದು ಅಲ್ಲಿದ್ದ ಮುದುಕರೊಬ್ಬರನ್ನು ಕೇಳಿದೆ. ಅವರು ಹೇಳಿದ ಪ್ರತೀತಿ ಇದು: 1348ರಲ್ಲಿ ಇಂಗ್ಲೆಂಡಿಗೆ ಬಂದ ಮಹಾ ಪ್ಲೇಗು ಸುತ್ತಮುತ್ತಲ ಊರುಗಳನ್ನೆಲ್ಲ ಬರಿದು ಮಾಡಿದರೂ ಈ ಹಳ್ಳಿಯನ್ನು ಮುಟ್ಟಲಿಲ್ಲ. ಬಾವಿಯ ಶುದ್ಧ ನೀರೇ ಕಾಪಾಡಿತೆಂದು ಹಳ್ಳಿಗರು ಕೃತಜ್ಞತೆಯಿಂದ ಹೂವು ಏರಿಸತೊಡಗಿದರು. 1615ರ ಬರಗಾಲದಲ್ಲಿ ಬಾವಿಗಳು ಬತ್ತದಿದ್ದುದೇ ಕಾರಣವೆಂದು ಹೇಳುವವರೂ ಇದ್ದಾರೆ.

ನಾನು ಮಾತಾಡದೆ ನಿಂತೆ. ನಮ್ಮ ಮಲ್ಲೇಶ್ವರವೂ ಪ್ಲೇಗಿನ ಮಗುವೇ ಅಲ್ಲವೆ? 1898ರಲ್ಲಿ ಅದೇ ರೋಗಕ್ಕೆ ಹೆದರಿದ ಬೆಂಗಳೂರಿಗರು ಪ್ಲೇಗಮ್ಮನ ಗುಡಿಗಳನ್ನು ಕಟ್ಟಿ ಎಡೆಯಿಟ್ಟರು. ಕಾಡುಮಲ್ಲೇಶ್ವರನ ಎದುರಿಗೆ ಮಣ್ಣಿನಡಿ ಹೂತುಹೋಗಿದ್ದ ನಂದಿತೀರ್ಥವನ್ನು 1997ರಲ್ಲಿ ಅಗೆದು ತೆಗೆದಾಗ, ನಂದಿಯ ಬಾಯಿಂದ ಬೀಳುವ ನೀರಿಗೆ ನಮ್ಮ ಬೀದಿಯ ಹೆಂಗಸರು ಮೊದಲು ಮಾಡಿದ ಕೆಲಸವೆಂದರೆ ಹೂವು ಏರಿಸಿದ್ದು. ಅವರಿಗೆ ಯಾರೂ ಹೇಳಿಕೊಡಲಿಲ್ಲ. ಟಿಸ್ಸಿಂಗ್ಟನ್ನಿನ ಹೆಂಗಸರಿಗೂ ಯಾರೂ ಹೇಳಿಕೊಟ್ಟಿರಲಾರರು.

ಸುಗ್ಗಿಯಿಂದ ಬೆಂಕಿಯವರೆಗೆ

ಸೆಪ್ಟೆಂಬರಿನಲ್ಲಿ ಅವರ ಸುಗ್ಗಿ. ಹೊಲದ ಕಡೆಯ ಸಿವುಡಿನಿಂದ ಹುಲ್ಲಿನ ಬೊಂಬೆ ಹೆಣೆದು ಮುಂದಿನ ಬಿತ್ತನೆಯವರೆಗೆ ಮನೆಯಲ್ಲಿಡುವುದು ಹಳೆಯ ಪದ್ಧತಿ. ಬೆಳೆಯನ್ನು ಚರ್ಚಿಗೆ ತಂದು ಒಪ್ಪಿಸುವ ಇಂದಿನ ರೂಪದ ಸುಗ್ಗಿಹಬ್ಬವನ್ನು 1843ರಲ್ಲಿ ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಊರಿನ ಪಾದ್ರಿ ರಾಬರ್ಟ್ ಹಾಕರ್ ಆರಂಭಿಸಿದರೆಂದು ಹೇಳುತ್ತಾರೆ. ಮಿಷನರಿಗಳೊಡನೆ ಅದು ನಮ್ಮ ನಾಡಿಗೂ ಬಂತು. ಬೆಂಗಳೂರಿನ ಕನ್ನಡ ಪ್ರಾಟೆಸ್ಟಂಟ್ ಸಭೆಗಳಲ್ಲಿ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ರಾಗಿತೆನೆಗಳು ಪೀಠದ ಮುಂದೆ ರಾಶಿ ಬೀಳುತ್ತವೆ. ಆರಾಧನೆಯ ನಂತರ ಹರಾಜು. ನೂರು ರೂಪಾಯಿಯ ಕುಂಬಳಕಾಯಿ ಸಾವಿರಕ್ಕೆ ಏರಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಂಗ್ಲೆಂಡಿನ ಗೋಧಿಯ ಹಬ್ಬ ಇಲ್ಲಿ ರಾಗಿಯ ಹಬ್ಬವಾಯಿತು.

ಸೆಪ್ಟೆಂಬರ್ 29 ಸಂತ ಮೈಕೇಲನ ದಿನ, ಮೈಕೆಲ್ಮಸ್. ಅದೂ ಲೆಕ್ಕ ಚುಕ್ತಾ ಮಾಡುವ ದಿನವೇ. ಕೂಲಿಯಾಳುಗಳು ಒಂದು ವರ್ಷದ ಕರಾರಿಗೆ ಯಜಮಾನರನ್ನು ಹುಡುಕಿಕೊಳ್ಳುವ ಸಂತೆಗಳು ಆಗ ನೆರೆಯುತ್ತಿದ್ದವು. ದಂಡಿನ ಕೆಲವು ಹಳೆಯ ಶಾಲೆಗಳಲ್ಲಿ ದಸರಾ ರಜೆಯನ್ನು ಮೈಕೆಲ್ಮಸ್ ರಜೆ ಎಂದೇ ಕರೆಯುತ್ತಿದ್ದರೆಂದು ಮಿಸ್ ಹೇಳುತ್ತಿದ್ದರು. ಒಂದೇ ವಾರ ರಜೆ. ಮಲ್ಲೇಶ್ವರದ ಮಕ್ಕಳಿಗೆ ಅದು ಬೊಂಬೆ ಕೂರಿಸಲು, ಕಾಕ್ಸ್ ಟೌನಿನ ಮಕ್ಕಳಿಗೆ ಸಂತ ಮೈಕೇಲನ ಹೆಸರಿನಲ್ಲಿ ಗಾಳಿಪಟ ಹಾರಿಸಲು.

ನವೆಂಬರ್ 5ರ ಕಥೆ ಸ್ವಾರಸ್ಯವಾದದ್ದು. 1605ರಲ್ಲಿ ರಾಜ ಮೊದಲನೆಯ ಜೇಮ್ಸನನ್ನೂ ಪಾರ್ಲಿಮೆಂಟನ್ನೂ ಸಿಡಿಮದ್ದಿನಿಂದ ಹಾರಿಸಿಬಿಡಲು ಕೆಲವು ಕ್ಯಾಥೊಲಿಕರು ಸಂಚು ಹೂಡಿದ್ದರು. ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನೊಂದಿಗೆ ಗೈ ಫಾಕ್ಸ್ ಸಿಕ್ಕಿಬಿದ್ದ. ಆ ದಿನ ಕೃತಜ್ಞತಾ ಪ್ರಾರ್ಥನೆ ಸಲ್ಲಿಸಲೇಬೇಕೆಂದು ಪಾರ್ಲಿಮೆಂಟು ಕಾಯಿದೆ ಮಾಡಿತು. ಆ ಕಾಯಿದೆ ರದ್ದಾದದ್ದು 1859ರಲ್ಲಿ. ಪ್ರಾರ್ಥನೆ ನಿಂತಿತು, ಬೆಂಕಿ ನಿಲ್ಲಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಅದು ಹುಡುಗರ ಕೈಗೆ ಹೋಗಿತ್ತು. ಹಳೆಯ ಬಟ್ಟೆ ತುಂಬಿದ ಬೊಂಬೆಯನ್ನು ಬೀದಿಯಲ್ಲಿ ಎಳೆದುಕೊಂಡು ಹೋಗಿ ಕಾಸು ಕೇಳುವುದು, ಸೌದೆ ಒಟ್ಟುವುದು, ರಾತ್ರಿ ಸುಡುವುದು. ಕಾಮನ ಹುಣ್ಣಿಮೆಗೆ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಾವೂ ಮಾಡುತ್ತಿದ್ದದ್ದು ಇದನ್ನೇ. ಸೌದೆ, ಬೆರಣಿ ಕದ್ದದ್ದಕ್ಕೆ ಪಕ್ಕದ ಮನೆಯ ಅಜ್ಜಿ ಬೈದರೂ, ಬೆಂಕಿ ನೋಡಲು ಅವರೇ ಮೊದಲು ಗೇಟಿಗೆ ಬರುತ್ತಿದ್ದರು.

ಕ್ರಿಸ್‌ಮಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಅದನ್ನೂ ಪ್ಯೂರಿಟನ್ನರು 1647ರಲ್ಲಿ ನಿಷೇಧಿಸಿದ್ದರೆಂಬುದೂ, ಸ್ಕಾಟ್ಲೆಂಡಿನಲ್ಲಿ ಅದು ಸಾರ್ವಜನಿಕ ರಜೆಯಾದದ್ದು 1958ರಲ್ಲಿ ಎಂಬುದೂ ಹಲವರಿಗೆ ತಿಳಿದಿರಲಾರದು. ಇಂದು ನಾವು 'ಇಂಗ್ಲಿಷರ ಕ್ರಿಸ್‌ಮಸ್' ಎನ್ನುವ ಚಿತ್ರ ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು. ಸಿಂಗರಿಸಿದ ಮರ ಜರ್ಮನಿಯ ಪದ್ಧತಿ. ರಾಣಿಯ ಗಂಡ ಆಲ್ಬರ್ಟನ ಮನೆಯ ಮರದ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಮನೆಮನೆಗೆ ಹರಡಿತು. ಶುಭಾಶಯದ ಕಾರ್ಡು ಹೆನ್ರಿ ಕೋಲ್ ಎಂಬಾತ 1843ರಲ್ಲಿ ಮಾಡಿಸಿದ್ದು. ಡಿಸೆಂಬರ್ 26ರಂದು ಅಂಚೆಯವನಿಗೆ, ಹಾಲಿನವನಿಗೆ, ಆಳುಕಾಳುಗಳಿಗೆ ಇನಾಮು ಕೊಡುವುದು ರೂಢಿ. ನಮ್ಮ ದೀಪಾವಳಿ ಇನಾಮಿನ ಅಣ್ಣನೋ ತಮ್ಮನೋ ಇರಬೇಕು.

ಯಾವುದು ಉಳಿಯಿತು

ದಂಡಿನ ದೊರೆಗಳು ನಮಗೆ ಆಜ್ಞೆಯಿಂದ ಕೊಟ್ಟ ಹಬ್ಬಗಳೂ ಇದ್ದವು. ಮೇ 24, ವಿಕ್ಟೋರಿಯಾ ರಾಣಿಯ ಜನ್ಮದಿನ, ಸಾಮ್ರಾಜ್ಯ ದಿನವಾಗಿತ್ತು. 1911ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಐದನೆಯ ಜಾರ್ಜನ ದರ್ಬಾರು ನಡೆದಾಗ ಪೇಟೆಯ ಶಾಲೆಯೊಂದರಲ್ಲಿ ಓದುತ್ತಿದ್ದ ನಮ್ಮ ತಾತನಿಗೆ ಮಿಠಾಯಿಯೂ ರಾಜನ ತಲೆಯಿರುವ ಒಂದು ಪದಕವೂ ಸಿಕ್ಕಿದ್ದವಂತೆ. ನಾನು ಕಂಡಾಗ ಆ ಪದಕ ನಮ್ಮ ಅಡುಗೆಮನೆಯಲ್ಲಿ, ತಕ್ಕಡಿಯ ಒಂದು ತಟ್ಟೆಯ ಕೊರತೆ ತುಂಬಲು ಕಟ್ಟಿದ ತೂಕವಾಗಿತ್ತು. ವೇಲ್ಸಿನ ಯುವರಾಜ 1906ರಲ್ಲಿ ಅನಾವರಣ ಮಾಡಿದ ರಾಣಿಯ ಪ್ರತಿಮೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಇಂದಿಗೂ ಇದೆ. ಅವಳ ಹುಟ್ಟಿದ ದಿನ ಯಾವುದೆಂದು ಎದುರಿಗೆ ಓಡಾಡುವ ಯಾರಿಗೂ ತಿಳಿಯದು. ತುತ್ತೂರಿ ಊದಿಸಿ, ಸಾಲಾಗಿ ನಿಲ್ಲಿಸಿ ಮಾಡಿಸಿದ ಹಬ್ಬಗಳು ನಿಲ್ಲಿಸಿದವರೊಡನೆಯೇ ಹೋದವು.

ಉಳಿದದ್ದು ಅಡುಗೆಮನೆಯಿಂದ ಅಡುಗೆಮನೆಗೆ, ಕಾಂಪೌಂಡ್ ಗೋಡೆಯ ಮೇಲಿಂದ ದಾಟಿದ್ದು. ದಾಟುವಾಗ ಅದು ತನ್ನ ರೂಪವನ್ನೂ ಬದಲಿಸಿಕೊಂಡಿತು. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬೆಂಗಳೂರು ಬ್ರದರ್ಸ್ ಬೇಕರಿಯ ತಿರುಮಲಾಚಾರ್ಯರು ಒಬ್ಬ ಬಿಳಿಯರಿಂದ ಬ್ರೆಡ್ಡು ಸುಡುವುದನ್ನು ಕಲಿತರೆಂಬುದು ಪ್ರತೀತಿ. ಮೊಟ್ಟೆ ಮುಟ್ಟದ ಮನೆತನದವರ ಕೈಯಲ್ಲಿ ದೊರೆಗಳ ಕೇಕು ಮೊಟ್ಟೆಯಿಲ್ಲದ ಕೇಕಾಯಿತು, ಬನ್ನಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿ ಖಾರಾ ಬನ್ನಾಯಿತು. ಅಯ್ಯಂಗಾರ್ ಬೇಕರಿ ಇಲ್ಲದ ಬೀದಿ ಇಂದು ಬೆಂಗಳೂರಿನಲ್ಲಿ ಎಲ್ಲಿದೆ?

ಈ ಮಾತು ಮತ್ತೆ ಮಿಸ್ ಅವರನ್ನು ನೆನಪಿಗೆ ತರುತ್ತದೆ. ಪ್ರತಿ ಕ್ರಿಸ್‌ಮಸ್ಸಿಗೂ ಅವರು ನಮ್ಮ ಮನೆಗೆಂದು ಒಂದು ಡಬ್ಬಿಯಲ್ಲಿ ಪ್ಲಮ್ ಕೇಕು ಕಳಿಸುತ್ತಿದ್ದರು. ನಮ್ಮ ತಾಯಿ ಮಡಿಹೆಂಗಸು. ಮೊಟ್ಟೆಯ ಪದಾರ್ಥ ಒಳಗೆ ಬರುವಂತಿರಲಿಲ್ಲ. ನಾನು ಧನ್ಯವಾದ ಹೇಳಿ ತಂದದ್ದನ್ನು ಅವರು ಅಂಗಳದಿಂದಲೇ ಹೂವಿನವಳಿಗೆ ಕೊಟ್ಟುಬಿಡುತ್ತಿದ್ದರು. ಮರುದಿನ ಶಾಲೆಯಲ್ಲಿ ನಾನು, "ಬಹಳ ಚೆನ್ನಾಗಿತ್ತು ಮಿಸ್" ಎನ್ನುತ್ತಿದ್ದೆ. ಹೀಗೆ ಏಳು ವರ್ಷ.

1990ರ ಸಂಕ್ರಾಂತಿಗೆ ಮಿಸ್ ನಮ್ಮ ಮನೆಗೆ ಬಂದರು. ತಾಯಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು ಕೊಟ್ಟು, "ತಿಂದು ಒಳ್ಳೆಯ ಮಾತಾಡಿ, ಟೀಚರಮ್ಮ" ಎಂದರು. ಮಿಸ್ ಅಲ್ಲಿಯೇ ಕುಳಿತು ಎಳ್ಳನ್ನು ಒಂದು ಕಾಳೂ ಬಿಡದೆ ತಿಂದರು. ಆಗ ಐದು ವರ್ಷದ ನನ್ನ ಮಗಳು, "ಮಿಸ್, ನಿಮ್ಮ ಕೇಕನ್ನ ಅಜ್ಜಿ ಹೂವಿನವಳಿಗೆ ಕೊಟ್ಬಿಡ್ತಾರೆ, ನಂಗೆ ಕೊಡೋದೇ ಇಲ್ಲ!" ಎಂದುಬಿಟ್ಟಳು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಮಿಸ್ ಒಂದು ಕ್ಷಣ ಸುಮ್ಮನಿದ್ದು, "ಮೊಟ್ಟೆ ಇದೆಯಲ್ಲ, ಪಾಪ. ನಾನೇ ಯೋಚನೆ ಮಾಡಬೇಕಿತ್ತು" ಎಂದರು. ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ. ಏಳು ವರ್ಷ ತಾನು ತಪ್ಪು ಮಾಡಿದೆನೆಂಬ ಸಂಕೋಚ. ಆ ಸಂಕೋಚ ಪಡಬೇಕಾಗಿದ್ದವನು ನಾನು.

ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತಾವೇ ಡಬ್ಬಿ ಹಿಡಿದು ಬಂದರು. "ಹೊಸ ಡಬ್ಬಿ, ಅಮ್ಮ. ಮೊಟ್ಟೆ ಇಲ್ಲ, ರಮ್ಮೂ ಇಲ್ಲ. ಮೊಸರು ಹಾಕಿದ್ದೇನೆ. ಶಾಲೆಯ ಹತ್ತಿರದ ಬೇಕರಿಯ ಅಯ್ಯಂಗಾರರನ್ನು ಕೇಳಿ ಕಲಿತೆ" ಎಂದರು. ನಮ್ಮ ತಾಯಿ ಡಬ್ಬಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜಗಲಿಯ ಮೇಲೆ ಕುಳಿತು ಒಂದು ಚೂರು ಬಾಯಿಗೆ ಹಾಕಿಕೊಂಡು, "ಸಿಹಿ ಸ್ವಲ್ಪ ಕಡಿಮೆಯಾಯಿತು ನೋಡಿ" ಎಂದರು! ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿರಲಿಲ್ಲ. ಮುಂದಿನ ಯುಗಾದಿಗೆ ಹನ್ನೆರಡು ಒಬ್ಬಟ್ಟು ಕಾಕ್ಸ್ ಟೌನಿಗೆ ಹೋದವು.

ಒಮ್ಮೆ ಕ್ರಿಸ್‌ಮಸ್ಸಿಗೆ ಅವರ ಮನೆಗೆ ಹೋಗಿದ್ದೆವು. ಸರ್ವೆ ಮರದ ಕೊಂಬೆಯನ್ನು ಕುಂಡದಲ್ಲಿ ನಿಲ್ಲಿಸಿ, ಮೇಲೆ ಹಿಮದಂತೆ ಹತ್ತಿಯನ್ನು ಹರಡಿದ್ದರು. ನೀವು ಹಿಮವನ್ನು ಎಲ್ಲಿ ನೋಡಿದ್ದೀರಿ ಎಂದು ಕೇಳಿದೆ. "ನಾನೂ ನೋಡಿಲ್ಲ, ನಮ್ಮ ತಾಯಿಯೂ ನೋಡಿರಲಿಲ್ಲ, ಮೇಷ್ಟ್ರೇ. ಅವರ ತಾಯಿ ಹತ್ತಿ ಇಡುತ್ತಿದ್ದರು. ನಾವೂ ಇಡುತ್ತೇವೆ" ಎಂದರು. ಸಂಪ್ರದಾಯ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈಗ ಇದನ್ನೇ ಹೇಳುತ್ತೇನೆ.

1994ರಲ್ಲಿ ಅವರು ಮಗನೊಡನೆ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋದರು. ದಂಡಿನ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಹಿಡಿದ ದಾರಿ ಅದು. ಪ್ರತಿ ಡಿಸೆಂಬರಿನಲ್ಲೂ ಕಾರ್ಡು ಬರುತ್ತಿತ್ತು. ಇಲ್ಲಿ ಕ್ರಿಸ್‌ಮಸ್ ಬಿರುಬೇಸಗೆಯಲ್ಲಿ ಬರುತ್ತದೆ, ಆದರೂ ಹತ್ತಿ ಇಟ್ಟಿದ್ದೇನೆ ಎಂದು ಒಂದರಲ್ಲಿ ಬರೆದಿದ್ದರು. 2008ರ ನಂತರ ಕಾರ್ಡು ಬರಲಿಲ್ಲ. ನಾನು ಬರೆದ ಎರಡು ಪತ್ರಗಳಿಗೂ ಉತ್ತರವಿಲ್ಲ.

ಟಿಸ್ಸಿಂಗ್ಟನ್ನಿನಲ್ಲಿ ಹೂವಿನ ಬಾವಿಯ ಒಂದು ಚಿತ್ರದ ಕಾರ್ಡು ಕೊಂಡೆ. ಹಿಂದೆ ಅವರ ಹೆಸರು ಬರೆದು, ನಿಮ್ಮ ಪಕ್ಕದ ಕೊಠಡಿಯಲ್ಲಿ ಅಂದು ಹೇಳಿದ ಪಾಠ ತಪ್ಪಾಗಿತ್ತು ಎಂದು ಬರೆದೆ. ಕಳಿಸಲು ವಿಳಾಸವಿರಲಿಲ್ಲ. ಅದು ಈಗ ಅವರ ಕಾರ್ಡುಗಳ ಕಟ್ಟಿನಲ್ಲೇ ಇದೆ.

1983ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಆ ಮಕ್ಕಳಿಗೆ ಈಗ ಐವತ್ತು ದಾಟಿದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ಅಂದು ನಾನು ಬರೆಸಿದ ಕೊನೆಯ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ.